ಮದುವೆ ಒಂದು ದಿನ, ವೀಸಾ ಹದಿನೇಳು ತಿಂಗಳು

ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ತುಳು-ಕನ್ನಡಿಗರಿಗೆ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಇದೂ ಒಂದು: "ಮಗಳಿಗೆ ಅಮೆರಿಕ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ ಉಂಟು ಮಾರಾಯರೇ, ಎರಡು ದಿನ ನಿಮ್ಮಲ್ಲಿಗೆ ಬರಬಹುದಾ?" ಬೇಡ ಎನ್ನಲು ಬಾಯಿ ಬರುವುದಿಲ್ಲ. ಮತ್ಸ್ಯಗಂಧದಲ್ಲಿ ಬೆಳಿಗ್ಗೆ ಕುರ್ಲಾ ಟರ್ಮಿನಸ್‌ನಲ್ಲಿ ಇಳಿಯುವ ತಂದೆ-ಮಗಳಿಗೆ ನಮ್ಮ ಒಂದು ಬೆಡ್‌ರೂಮಿನ ಮನೆಯ ಹಾಲ್‌ನಲ್ಲಿ ಮಡಚುವ ಮಂಚ ಹಾಕಿ ಕೊಡುತ್ತೇವೆ.

ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಆಗಬಹುದಾದ ಕೆಲಸಕ್ಕೆ ಮುಂಬಯಿಗೇ ಏಕೆ ಬರಬೇಕು ಎಂದು ಕೇಳುವವರಿದ್ದಾರೆ. ಅಮೆರಿಕದ ಪ್ರಜೆ ತನ್ನ ಪತ್ನಿಯನ್ನು ಅಥವಾ ಪತಿಯನ್ನು ಕಾಯಂ ವಾಸಕ್ಕಾಗಿ ಕರೆಸಿಕೊಳ್ಳುವ ವಲಸೆ ವೀಸಾದ ಸಂದರ್ಶನ ನಡೆಯುವುದು ಮುಂಬಯಿಯ ಕಾನ್ಸುಲೇಟಿನಲ್ಲಿ. ಹಿಂದೆ ಬ್ರೀಚ್ ಕ್ಯಾಂಡಿಯ ಲಿಂಕನ್ ಹೌಸ್ ಎದುರಿನ ಕಾಲುದಾರಿಯಲ್ಲಿ ಮುಂಜಾನೆಯಿಂದಲೇ ಸಾಲು ನಿಲ್ಲುತ್ತಿದ್ದುದನ್ನು ಹಳಬರು ಕಂಡಿದ್ದಾರೆ. 2011ರ ನವೆಂಬರಿನಲ್ಲಿ ಅದು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಸ್ಥಳಾಂತರಗೊಂಡಿತು.

ಇಂತಹವರಿಗೆ ದಾರಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಅಕ್ಕನ ಮಗಳಿಂದಾಗಿ. ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಹತ್ತನೆಯದನ್ನು ಮುಗಿಸಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕ್ ಸೇರಿದವನು ನಾನು. ಫಾರ್ಮು ತುಂಬಿಸುವುದು, ಕಾಗದಪತ್ರ ತಾಳೆ ನೋಡುವುದು ನನ್ನ ದಿನನಿತ್ಯದ ಕಸುಬು. ಆದುದರಿಂದ ಕುಟುಂಬದಲ್ಲಿ ಎಲ್ಲರೂ "ನೀನಿದ್ದೀಯಲ್ಲ" ಎಂದರು. ನಾನೂ ಗೊತ್ತಿದ್ದವನಂತೆ ತಲೆಯಾಡಿಸಿದೆ. ಗೊತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹುಡುಗನ ಬಳಿ ಯಾವ ಕಾಗದ ಇದೆ?

ನಮ್ಮಲ್ಲಿ ಸಂಬಂಧ ಕುದುರಿಸುವಾಗ ಬರಿ, ಗೋತ್ರ, ಮನೆತನ, ಜಾತಕ, ಸಂಬಳ ಎಲ್ಲವನ್ನೂ ವಿಚಾರಿಸುತ್ತೇವೆ. "ಹುಡುಗ ಅಮೆರಿಕದಲ್ಲಿದ್ದಾನೆ" ಎಂದೊಡನೆ ಮುಂದಿನ ಪ್ರಶ್ನೆ ನಿಂತುಹೋಗುತ್ತದೆ. ಅಲ್ಲಿ ಇರುವುದರಲ್ಲೂ ಮೂರು ವಿಧಗಳಿವೆ.

ಹುಡುಗ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ ಹುಡುಗಿಗೆ ಸಿಗುವುದು ಎಚ್-4. ಇದು ಬೇಗ ದೊರೆಯಬಹುದಾದರೂ ಅವನ ಕೆಲಸ ಹೋದರೆ ಇವಳ ವಾಸ್ತವ್ಯಕ್ಕೂ ಕುತ್ತು. ಎಚ್-4ರಲ್ಲಿ ಇರುವವರಿಗೆ ದುಡಿಯಲು ಅನುಮತಿ ದೊರೆಯತೊಡಗಿದ್ದು 2015ರ ಮೇ 26ರಿಂದ, ಅದೂ ಮುಖ್ಯವಾಗಿ ಪತಿಯ ಗ್ರೀನ್ ಕಾರ್ಡಿನ ಕಂಪೆನಿ ಅರ್ಜಿ ಮಂಜೂರಾಗಿದ್ದರೆ ಮಾತ್ರ. ಎರಡನೆಯದು, ಹುಡುಗ ಗ್ರೀನ್ ಕಾರ್ಡ್ ಹೊಂದಿದವನಾಗಿದ್ದರೆ ಪತ್ನಿಯ ವರ್ಗಕ್ಕೆ ವಾರ್ಷಿಕ ಸಂಖ್ಯಾಮಿತಿ ಇದೆ, ಸರದಿ ವರ್ಷಗಟ್ಟಲೆ ಹೋಗಬಹುದು. ಮೂರನೆಯದು, ಹುಡುಗ ಅಲ್ಲಿನ ಪ್ರಜೆಯೇ ಆಗಿದ್ದರೆ ಸಂಖ್ಯಾಮಿತಿ ಇಲ್ಲ, ಸಮಯ ಹಿಡಿಯುವುದು ಕಚೇರಿ ಕೆಲಸಕ್ಕೆ ಮಾತ್ರ. ನಿಶ್ಚಿತಾರ್ಥಕ್ಕೆ ಮೊದಲು ಈ ಒಂದು ಪ್ರಶ್ನೆ ಕೇಳುವುದು ಸಂಶಯಪಟ್ಟಂತೆ ಆಗುವುದಿಲ್ಲ. ಸಂಬಳ ಕೇಳುವುದಕ್ಕಿಂತ ಇದನ್ನು ಕೇಳುವುದು ಮುಖ್ಯ.

ನಮ್ಮ ಹುಡುಗ ಮೂರನೆಯ ವರ್ಗದವನು. ಚಿಕ್ಕಂದಿನಲ್ಲೇ ತಂದೆ-ತಾಯಿಯೊಂದಿಗೆ ನ್ಯೂಜೆರ್ಸಿಗೆ ಹೋಗಿ ಅಲ್ಲಿನ ಪ್ರಜೆಯಾದವನು. 2023ರ ಫೆಬ್ರವರಿಯಲ್ಲಿ ಮದುವೆ. ಹುಡುಗನಿಗೆ ಮೂರು ವಾರಗಳ ರಜೆ.

ನಾನು ಮಾಡಿದ ತಪ್ಪು

ಅಕ್ಕನ ಮಗಳು ಆಗ ಒಂದು ಖಾಸಗಿ ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿ ಒಳ್ಳೆಯ ಕೆಲಸದಲ್ಲಿದ್ದಳು. ಮದುವೆಗೆ ಮೊದಲು ನನ್ನ ಬಳಿ ಬಂದು, "ಮಾವ, ರಾಜೀನಾಮೆ ಕೊಡಲಾ, ರಜೆ ಹಾಕಲಾ?" ಎಂದು ಕೇಳಿದಳು. ಸೋದರಮಾವನ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು. ನಾನು ಯೋಚಿಸದೆ, "ಮೂರು ನಾಲ್ಕು ತಿಂಗಳಲ್ಲಿ ಹೋಗುವವಳಿಗೆ ಕೆಲಸ ಯಾಕೆ? ಬಿಟ್ಟುಬಿಡು" ಎಂದೆ. ಬಿಟ್ಟಳು.

ಅವಳ ಕೈಗೆ ವೀಸಾ ಬಂದದ್ದು 2024ರ ಜುಲೈಯಲ್ಲಿ. ಅಷ್ಟು ತಿಂಗಳೂ ಆಕೆ ಡೊಂಬಿವಲಿಯ ತವರು ಮನೆಯಲ್ಲಿ ಕರಿಮಣಿ ಹಾಕಿಕೊಂಡು ಕುಳಿತಳು. ಸಂಬಳವಿಲ್ಲ, ಗಂಡನ ಮನೆಯಿಲ್ಲ. ಅವನಿಗೆ ಹಗಲಾದಾಗ ಇವಳಿಗೆ ರಾತ್ರಿ, ಹಾಗಾಗಿ ಮಾತುಕತೆಯೂ ನಿದ್ದೆಗೆಟ್ಟೇ ನಡೆಯಬೇಕು. ಮಧ್ಯೆ ಒಮ್ಮೆ ಅವನು ಹತ್ತು ದಿನಗಳ ಮಟ್ಟಿಗೆ ಬಂದುಹೋದ. ಪೂಜೆ, ಯಕ್ಷಗಾನ, ವಾರ್ಷಿಕೋತ್ಸವ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: "ಇನ್ನೂ ಹೋಗಿಲ್ಲವಾ?" ಆರು ತಿಂಗಳಾದ ಮೇಲೆ ಅಕ್ಕ ಸಭೆ ಸಮಾರಂಭಗಳಿಗೆ ಬರುವುದನ್ನೇ ನಿಲ್ಲಿಸಿದಳು. "ಹುಡುಗ ಬಿಟ್ಟನಂತೆ" ಎಂಬ ಮಾತು ನನ್ನ ಕಿವಿಗೇ ಬಿತ್ತು. ಆಡಿದವರು ಕೆಟ್ಟವರಲ್ಲ, ಅವರಿಗೆ ತಿಳಿದಿರಲಿಲ್ಲ ಅಷ್ಟೇ. ಆದರೆ ಕೆಲಸವಿದ್ದಿದ್ದರೆ ಅವಳ ಹಗಲಾದರೂ ಕಳೆಯುತ್ತಿತ್ತು. ಆ ಪಾಪ ನನ್ನದು.

ಮೂರು ಮೆಟ್ಟಿಲುಗಳು

ಮೊದಲ ಮೆಟ್ಟಿಲು ಪತಿಯದು. ಆತ ಅಲ್ಲಿನ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿ ಸಲ್ಲಿಸಬೇಕು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಇದಕ್ಕೆ ಆನ್‌ಲೈನಿನಲ್ಲಿ 625 ಡಾಲರ್, ಕಾಗದದಲ್ಲಿ 675 ಡಾಲರ್. ಅತಿ ಹೆಚ್ಚು ಕಾಯಬೇಕಾದದ್ದು ಇಲ್ಲಿಯೇ. ನಮ್ಮ ಹುಡುಗಿಯ ಅರ್ಜಿಗೆ ಒಂದು ವರ್ಷ ಹಿಡಿಯಿತು.

ಎರಡನೆಯದು ರಾಷ್ಟ್ರೀಯ ವೀಸಾ ಕೇಂದ್ರದ್ದು. ಇಲ್ಲಿ 325 ಮತ್ತು 120 ಡಾಲರಿನ ಎರಡು ಶುಲ್ಕ ಕಟ್ಟಿ, ಡಿಎಸ್-260 ಫಾರ್ಮು ತುಂಬಿಸಿ, ಜನನ ಪತ್ರ, ವಿವಾಹ ನೋಂದಣಿ ಪತ್ರ, ಪಾಸ್‌ಪೋರ್ಟ್ ಕಚೇರಿಯಿಂದ ಪಡೆದ ಪೊಲೀಸ್ ಕ್ಲಿಯರೆನ್ಸ್ ಪತ್ರ ಇತ್ಯಾದಿಗಳನ್ನು ಸಲ್ಲಿಸಬೇಕು. ಮರಾಠಿಯಲ್ಲೋ ಕನ್ನಡದಲ್ಲೋ ಮಾತ್ರ ಇರುವ ಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಎಲ್ಲ ಸರಿಯಿದೆ ಎಂದ ಮೇಲೆ ಸಂದರ್ಶನದ ಸರದಿ.

ಮೂರನೆಯದು ಮುಂಬಯಿಯದು. ಕಾನ್ಸುಲೇಟ್ ಮಾನ್ಯ ಮಾಡಿದ ವೈದ್ಯರಲ್ಲಿ ಆರೋಗ್ಯ ತಪಾಸಣೆ, ಬೆರಳಚ್ಚು, ಆ ಮೇಲೆ ಸಂದರ್ಶನ. ವೀಸಾ ಬಂದ ಮೇಲೆ ಗ್ರೀನ್ ಕಾರ್ಡಿಗೆಂದು ಇನ್ನೂ 235 ಡಾಲರ್. ಶುಲ್ಕಗಳು ಬದಲಾಗುತ್ತಿರುವುದರಿಂದ ಕಟ್ಟುವ ದಿನ ಸರಕಾರಿ ತಾಣದಲ್ಲಿ ನೋಡಿಕೊಳ್ಳುವುದು ಕ್ಷೇಮ. ಫಾರ್ಮು ತುಂಬಲು ಏಜೆಂಟರೇ ಬೇಕೆಂದಿಲ್ಲ.

ಇದರೊಳಗೆ ಪತಿ ಸಹಿ ಮಾಡಬೇಕಾದ ಐ-864 ಎಂಬ ಪೋಷಣೆಯ ಮುಚ್ಚಳಿಕೆಯೂ ಇದೆ. ಆತನ ವರಮಾನ ಅಲ್ಲಿನ ಬಡತನ ರೇಖೆಯ ಶೇ. 125ರಷ್ಟು ಇರಬೇಕು. 2025ರ ಮಾನದಂಡದಂತೆ ಇಬ್ಬರ ಕುಟುಂಬಕ್ಕೆ ಇದು ವರ್ಷಕ್ಕೆ 26,437 ಡಾಲರ್. ಕಡಿಮೆ ಬಿದ್ದರೆ ಇನ್ನೊಬ್ಬರು ಜಂಟಿ ಪ್ರಾಯೋಜಕರಾಗಬಹುದು. ವಿಚ್ಛೇದನವಾದರೂ ಈ ಹೊಣೆ ತಾನಾಗಿ ಮುಗಿಯುವುದಿಲ್ಲ ಎಂಬುದನ್ನು ಹೆಣ್ಣು ಹೆತ್ತವರು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಹೊಸದಾಗಿ ಸಂಗಾತಿಯನ್ನು ಕರೆಸಿಕೊಳ್ಳುವವರ ವರಮಾನದ ಮಿತಿಯನ್ನು 2024ರ ಏಪ್ರಿಲ್ 11ರಿಂದ 18,600 ಪೌಂಡಿನಿಂದ 29,000 ಪೌಂಡಿಗೆ ಏರಿಸಿದ್ದಾರೆ.

ಹೆಸರಿಲ್ಲದ ಜನನ ಪತ್ರ

ನಮ್ಮವರು ಹೆಚ್ಚಾಗಿ ಎಡವುವುದು ಎರಡು ಕಾಗದಗಳಲ್ಲಿ. ಒಂದು ವಿವಾಹ ನೋಂದಣಿ. ಹಾಲ್‌ನಲ್ಲಿ ಸಾವಿರ ಜನ ಊಟ ಮಾಡಿದ್ದರೂ ನೋಂದಣಿ ಪತ್ರವಿಲ್ಲದೆ ಅರ್ಜಿ ಮುಂದೆ ಸಾಗದು. ಮಹಾರಾಷ್ಟ್ರದ 1998ರ ಕಾಯ್ದೆಯಂತೆ ನಗರಪಾಲಿಕೆಯಲ್ಲಿ ನೋಂದಣಿ ಮಾಡಿಸಲು ಗಂಡ-ಹೆಂಡತಿ, ಮೂವರು ಸಾಕ್ಷಿಗಳು ಮತ್ತು ಪುರೋಹಿತರ ಸಹಿ ಬೇಕು. ಹುಡುಗನ ರಜೆ ಮುಗಿಯುವುದರೊಳಗೆ, ಮದುವೆಯ ಮೊದಲ ವಾರದಲ್ಲೇ ಇದನ್ನು ಮುಗಿಸಬೇಕು. ಸತ್ಯನಾರಾಯಣ ಪೂಜೆ, ಬಂಧುಗಳ ಮನೆಯ ಔತಣ ಆಮೇಲೆ.

ಇನ್ನೊಂದು ಜನನ ಪತ್ರ. ಅಕ್ಕನ ಮಗಳು ಹುಟ್ಟಿದ್ದು 1996ರಲ್ಲಿ, ಉಡುಪಿ ಸಮೀಪದ ಅಜ್ಜಿಮನೆಯಲ್ಲಿದ್ದಾಗ. ಚೊಚ್ಚಲ ಹೆರಿಗೆಗೆ ಊರಿಗೆ ಹೋಗುವುದು ನಮ್ಮ ವಾಡಿಕೆ. ಪತ್ರದಲ್ಲಿ ತಂದೆ ತಾಯಿಯ ಹೆಸರಿತ್ತು, ಮಗುವಿನ ಹೆಸರಿನ ಕಾಲಂ ಖಾಲಿ! ನಾಮಕರಣಕ್ಕೆ ಮೊದಲೇ ಪತ್ರ ತೆಗೆದು, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿರಲಿಲ್ಲ. ಶಾಲೆಯಲ್ಲಿ ಒಂದು ಉಪನಾಮ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಸೇರಿ ಉದ್ದದ ಇನ್ನೊಂದು. ನಾನು ಎರಡು ಬಾರಿ ಊರಿಗೆ ಹೋಗಿ ಬಂದೆ. ಮೂಲ ಪತ್ರ ಸಿಗದಿದ್ದರೆ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರದ ಜತೆ ಹೆತ್ತವರ ಅಫಿದವಿತ್ ಕೊಡುವ ಕ್ರಮವೂ ಇದೆ. ಮದುವೆಯಾದೊಡನೆ ಹೆಸರು ಬದಲಾಯಿಸಬೇಕೆಂಬ ಕಾನೂನಿಲ್ಲ. ವೀಸಾ ಬರುವ ತನಕ ಎಲ್ಲ ಪತ್ರಗಳಲ್ಲೂ ಒಂದೇ ಹೆಸರಿದ್ದರೆ ಅರ್ಧ ತಲೆನೋವು ಕಡಿಮೆ.

ಕಾಯುವ ಬೇಸರಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿಯುವ ಉಪಾಯ ಹೇಳಿಕೊಡುವವರಿದ್ದಾರೆ. ಕೇಳಬಾರದು. ಉದ್ದೇಶ ಮುಚ್ಚಿಟ್ಟು ಹೋದರೆ ಮುಂದಿನ ಬಾಗಿಲೂ ಮುಚ್ಚಬಹುದು.

ನಾಲ್ಕೇ ಪ್ರಶ್ನೆ

ಸಂದರ್ಶನದ ದಿನ ನಾನು ಹೊರಗೆ ನಿಂತಿದ್ದೆ. ಆಮಂತ್ರಣ ಪತ್ರಿಕೆ, ಎರಡೂ ಕಡೆಯ ಹಿರಿಯರಿರುವ ಫೋಟೋಗಳು, ಕರೆಗಳ ವಿವರ, ಅವನು ಬಂದುಹೋದ ಟಿಕೆಟು ಎಲ್ಲವನ್ನೂ ಕಡತ ಮಾಡಿ ಕೊಟ್ಟಿದ್ದೆ. ಹಿರಿಯರು ನೋಡಿ ಮಾಡಿದ ಮದುವೆ ನಿಜವಾದದ್ದೇ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹೊರಬಂದವಳು, "ಮಾವಾ, ನಾಲ್ಕೇ ಪ್ರಶ್ನೆ ಕೇಳಿದರು" ಎಂದಳು. ಸಂಬಂಧ ಹೇಗಾಯಿತು, ಗಂಡನ ಕೆಲಸವೇನು, ಮದುವೆಗೆ ಅವರ ಕಡೆಯಿಂದ ಯಾರು ಬಂದಿದ್ದರು, ಆಮೇಲೆ ಯಾವಾಗ ಭೇಟಿಯಾದಿರಿ. ಅಷ್ಟು ಹೇಳಿ ಅಲ್ಲೇ ಅತ್ತುಬಿಟ್ಟಳು.

ಅಲ್ಲಿಗೆ ಹೋದ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ಪ್ರವೇಶಿಸುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡು. ಸುಳ್ಳು ಮದುವೆ ತಡೆಯಲು 1986ರಲ್ಲಿ ಬಂದ ಕಾನೂನಿದು. ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಇಬ್ಬರೂ ಸೇರಿ ಐ-751 ಸಲ್ಲಿಸಬೇಕು. ದೌರ್ಜನ್ಯ ಅಥವಾ ವಿಚ್ಛೇದನದ ಸಂದರ್ಭದಲ್ಲಿ ಹುಡುಗಿ ಒಬ್ಬಳೇ ವಿನಾಯಿತಿ ಕೋರಿ ಸಲ್ಲಿಸಬಹುದು. ಈ ವಿಷಯವನ್ನು ಹುಡುಗಿಗೆ ವಿಮಾನ ಹತ್ತುವ ಮೊದಲೇ ಹೇಳಿಕೊಡಬೇಕು. ವಿದೇಶದ ಗಂಡ ಕೈಬಿಟ್ಟ ಹೆಣ್ಣುಮಕ್ಕಳ ದೂರಿಗೆಂದೇ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಘಟಕವಿದೆ.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಅಲ್ಲಿ ನೆಲೆಸಲು ಹೋದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಹೊಸ ಪಿಪಿಎಫ್ ತೆರೆಯುವಂತಿಲ್ಲ. ಊರಿನ ಗದ್ದೆ ತೋಟ ಪಿತ್ರಾರ್ಜಿತವಾಗಿ ಬರಬಹುದು, ಹೊಸದಾಗಿ ಕೃಷಿಭೂಮಿ ಖರೀದಿಸುವಂತಿಲ್ಲ.

ಅಲ್ಲಿಂದ ಇಲ್ಲಿಗೆ ಬರುವವರು

ಈಗ ನಮ್ಮ ಮನೆಗಳಿಗೆ ಹೊರದೇಶದ ಸೊಸೆಯಂದಿರೂ ಅಳಿಯಂದಿರೂ ಬರುತ್ತಿದ್ದಾರೆ. ಹಡಗಿನಲ್ಲೋ ಕೊಲ್ಲಿಯಲ್ಲೋ ಪರಿಚಯವಾಗಿ ಮದುವೆಯಾದವರು. ಅವರಿಗೆ ಮೊದಲು ಎಕ್ಸ್ ವರ್ಗದ ಪ್ರವೇಶ ವೀಸಾ. 2018ರಿಂದ ನೋಂದಣಿ, ವಿಸ್ತರಣೆಯ ಅರ್ಜಿಗಳನ್ನು ಇ-ಎಫ್‌ಆರ್‌ಆರ್‌ಒ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಮದುವೆ ನೋಂದಣಿಯಾಗಿ, ಅರ್ಜಿಗೆ ಮುಂಚಿನ ಎರಡು ವರ್ಷ ಸತತವಾಗಿ ದಾಂಪತ್ಯ ಉಳಿದಿದ್ದರೆ ಒಸಿಐ ಕಾರ್ಡಿಗೆ ಅರ್ಹತೆ ಬರುತ್ತದೆ. ಪಾಕಿಸ್ತಾನ, ಬಾಂಗ್ಲಾದೇಶದ ಹಿನ್ನೆಲೆಯವರಿಗೆ ಇದು ಇಲ್ಲ. ಭಾರತದ ಪೌರತ್ವಕ್ಕೆ ಅರ್ಜಿ ಹಾಕಲು ಏಳು ವರ್ಷ ಇಲ್ಲಿ ವಾಸಿಸಿರಬೇಕು. ಕಾಯುವ ಕಷ್ಟ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಸಂಘ-ಸಂಸ್ಥೆಗಳು ವಧೂವರರ ಸಮಾವೇಶ ನಡೆಸುತ್ತಿರುವುದು ಸ್ತುತ್ಯರ್ಹ. ಅದೇ ವೇದಿಕೆಯಲ್ಲಿ ಒಂದು ತಾಸು ಈ ಕಾಗದಪತ್ರಗಳ ಬಗ್ಗೆ ಮಾಹಿತಿ ಕೊಡಿಸಿದರೆ ಅದೆಷ್ಟೋ ತಂದೆ-ತಾಯಂದಿರಿಗೆ ಉಪಕಾರವಾದೀತು. ಮತ್ತು ಸಮಾಜ ಬಾಂಧವರಲ್ಲಿ ವಿನಂತಿ: ಮದುವೆಯಾಗಿ ತವರಿನಲ್ಲಿ ಕಾಯುತ್ತಿರುವ ಹುಡುಗಿ ಎದುರಾದರೆ "ಇನ್ನೂ ಹೋಗಿಲ್ಲವಾ" ಎಂದು ಕೇಳಬೇಡಿ. ಊಟವಾಯಿತಾ ಎಂದು ಕೇಳಿ, ಸಾಕು.

ಮೊನ್ನೆ ಕುಂದಾಪುರದ ಕಡೆಯ ಒಬ್ಬಳು ಹುಡುಗಿ ತಂದೆಯೊಂದಿಗೆ ನಮ್ಮಲ್ಲಿಗೆ ಬಂದಿದ್ದಳು. ಚಹಾ ಕೊಡುವ ಮೊದಲೇ ಜನನ ಪತ್ರ ತೆರೆಸಿ ನೋಡಿದೆ. ಹೆಸರಿತ್ತು. "ಕೆಲಸ ಬಿಟ್ಟೆಯಾ ಮಗಾ?" ಎಂದು ಕೇಳಿದೆ. "ಇಲ್ಲ ಮಾವ, ಮೂರು ದಿನ ರಜೆ ಹಾಕಿ ಬಂದಿದ್ದೇನೆ" ಎಂದಳು. ಅಂದು ರಾತ್ರಿ ನ್ಯೂಜೆರ್ಸಿಗೆ ಕರೆ ಮಾಡಿದಾಗ ಅಕ್ಕನ ಮಗಳಿಗೆ ಈ ಮಾತನ್ನೇ ಮೊದಲು ಹೇಳಿದೆ.