ಪಂದ್ಯ ಸೋತ ಮರುದಿನ: ತಡೆಯಬೇಕಾದ ವೇಗ, ತಡೆಯಬಾರದ ವೇಗ

2018ರ ಯುಗಾದಿ ಮಾರ್ಚ್ 18ರಂದು, ಭಾನುವಾರ ಬಂದಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಆರಕ್ಕೆ ದಾವಣಗೆರೆಯ ನಮ್ಮ ಮನೆ ತಲುಪಿದ. ಮೈಮೇಲೆ ಬೆಂಗಳೂರು ಎಫ್.ಸಿ. ತಂಡದ ನೀಲಿ ಅಂಗಿ ಹಾಗೆಯೇ ಇತ್ತು. ಕಣ್ಣು ಕೆಂಪಾಗಿದ್ದವು, ಗಂಟಲು ಕಟ್ಟಿ ಮಾತು ಹೊರಡುತ್ತಿರಲಿಲ್ಲ. ಹಬ್ಬಕ್ಕೆಂದು ಹರಿಹರದಿಂದ ಬಂದಿದ್ದ ಅಕ್ಕ-ಭಾವನವರನ್ನೂ ಅವನು ಸರಿಯಾಗಿ ಮಾತನಾಡಿಸಲಿಲ್ಲ.

ಹಿಂದಿನ ರಾತ್ರಿ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಅಂತಿಮ ಪಂದ್ಯ ನಡೆದಿತ್ತು. ಲೀಗ್ ಹಂತದ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ, ಎರಡನೆಯ ಸ್ಥಾನದ ತಂಡಕ್ಕಿಂತ 8 ಅಂಕ ಮುಂದಿದ್ದ ಬೆಂಗಳೂರು, ತನ್ನ ಸ್ವಂತ ಅಂಗಳದಲ್ಲಿಯೇ ಚೆನ್ನೈಯಿನ್ ಎಫ್.ಸಿ.ಗೆ 2–3ರಿಂದ ಸೋತಿತ್ತು. ಆ ಎರಡನೆಯ ಸ್ಥಾನದ ತಂಡವೇ ಚೆನ್ನೈಯಿನ್! ಮೊದಲ ಸ್ಥಾನ ಪಡೆದವರಿಗೆ ಪ್ರತ್ಯೇಕ ಫಲಕ ಕೊಡುವ ಪದ್ಧತಿ ಆಗಿನ್ನೂ ಇರಲಿಲ್ಲ. ತಿಂಗಳುಗಟ್ಟಲೆ ಮುಂದಿದ್ದವರು ಒಂದು ರಾತ್ರಿಯಲ್ಲಿ ಬರಿಗೈಯಾದರು.

ಭಾವನವರು ಸುಮ್ಮನಿರಲಿಲ್ಲ. “ಹನ್ನೊಂದು ಜನ ಚೆಂಡು ಒದ್ದು ಸೋತರೆ ನಿನಗೇನಾಗಬೇಕೋ? ಗಂಡು ಹುಡುಗ, ಹಬ್ಬದ ದಿನ ಕಣ್ಣೀರು ಹಾಕ್ತೀಯಾ?” ಎಂದರು. ತುಂಬಿ ಬಂದಿದ್ದ ಕಣ್ಣೀರನ್ನು ಹುಡುಗ ಅಲ್ಲಿಯೇ ನುಂಗಿದ. ಮರುಕ್ಷಣವೇ ಕೈಯಲ್ಲಿದ್ದ ಚೀಲವನ್ನು ಮೂಲೆಗೆಸೆದು ತಂದೆಯ ಮೇಲೆ ಕೂಗಾಡಿದ. ಭಾವನವರ ಧ್ವನಿಯೂ ಏರಿತು. ಎರಡು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅವರು. ನಾನು ಅವರನ್ನು ಕೂರಿಸಿ ರಕ್ತದೊತ್ತಡ ನೋಡಿದೆ: 170/100. ವಿಚಾರಿಸಿದರೆ, ಮಗ ಕ್ರೀಡಾಂಗಣದಲ್ಲಿದ್ದಾನೆಂದು ಅವರೂ ಟಿ.ವಿ.ಯಲ್ಲಿ ಪಂದ್ಯ ನೋಡುತ್ತ ರಾತ್ರಿಯ ಮಾತ್ರೆಯನ್ನು ಮರೆತಿದ್ದರು, ನಿದ್ರೆಯೂ ಆಗಿರಲಿಲ್ಲ. ತಮಗೇನೂ ಆಗಿಲ್ಲವೆಂದು ಬೈಯುತ್ತಿದ್ದವರು ಮಗನಷ್ಟೇ ಸೋತಿದ್ದರು.

ಇಂತಹ ದಿನಗಳಲ್ಲಿ ಹೃದಯಕ್ಕೆ ಅಪಾಯವಿರುವುದು ಊಹೆಯ ಮಾತಲ್ಲ. 1998ರ ಜೂನ್ 30ರಂದು ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ತಂಡ ಅರ್ಜೆಂಟೀನಾಕ್ಕೆ ಪೆನಾಲ್ಟಿ ಒದೆತಗಳಲ್ಲಿ ಸೋತಾಗ, ಆ ದಿನ ಮತ್ತು ನಂತರದ ಎರಡು ದಿನ ಹೃದಯಾಘಾತವಾಗಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ದಾಖಲಾದವರ ಸಂಖ್ಯೆ ಶೇಕಡಾ 25ರಷ್ಟು ಹೆಚ್ಚಿತ್ತು. 2006ರ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ, ಜರ್ಮನಿ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಇತರ ದಿನಗಳಿಗಿಂತ 2.66 ಪಟ್ಟು ಕಂಡುಬಂದವು. ಮೊದಲೇ ಹೃದ್ರೋಗವಿದ್ದವರಲ್ಲಿ ಅಪಾಯ ಇನ್ನೂ ಅಧಿಕ. ಆದ್ದರಿಂದ ಎದೆನೋವು, ಎಡದೋಳಿನ ಸೆಳೆತ, ತಣ್ಣನೆಯ ಬೆವರು ಕಾಣಿಸಿದರೆ ಕಷಾಯ ಕುದಿಸುತ್ತ ಕೂಡಬಾರದು, ನನ್ನಂತಹ ವೈದ್ಯನನ್ನೂ ಹುಡುಕಬಾರದು; ನೇರವಾಗಿ ಹೃದ್ರೋಗ ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಬೇಕು. ಭಾವನವರಿಗೆ ಅಂತಹ ಲಕ್ಷಣಗಳಿರಲಿಲ್ಲ. ಅವರ ಹೃದ್ರೋಗ ತಜ್ಞರಿಗೆ ದೂರವಾಣಿ ಮಾಡಿ, ಅವರು ಹೇಳಿದಂತೆ ಮಾತ್ರೆ ಕೊಟ್ಟು ಮಲಗಿಸಿದೆ.

ಇನ್ನು ಹುಡುಗನ ವಿಷಯ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ಹೇಳಿದೆ. ಮಲ-ಮೂತ್ರ, ಸೀನು, ಆಕಳಿಕೆ, ಹಸಿವು, ನಿದ್ರೆಗಳ ಸಾಲಿನಲ್ಲಿಯೇ ಕಣ್ಣೀರೂ ಇದೆ. ಅದನ್ನು ತಡೆದರೆ ನೆಗಡಿ, ಕಣ್ಣಿನ ವ್ಯಾಧಿ, ಹೃದ್ರೋಗ, ಅರುಚಿ, ತಲೆಸುತ್ತು ಉಂಟಾಗುತ್ತವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಅದೇ ಅಧ್ಯಾಯ ತಡೆಯಲೇಬೇಕಾದ ಮನಸ್ಸಿನ ಮತ್ತು ಮಾತಿನ ವೇಗಗಳನ್ನೂ ಹೇಳುತ್ತದೆ. ಕ್ರೋಧ, ಕಠೋರವಾದ ಮಾತು ಅವುಗಳಲ್ಲಿ ಸೇರಿವೆ. ನಮ್ಮ ಹುಡುಗ ಕಣ್ಣೀರನ್ನು ತಡೆದು ಕೋಪವನ್ನು ಹರಿಯಬಿಟ್ಟಿದ್ದ. ಅವನದೊಂದೇ ತಪ್ಪಲ್ಲ, ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಕಲಿಸುವುದೇ ಹೀಗೆ.

ಕಣ್ಣೀರು ತಡೆದವರಿಗೆ ಅಲ್ಲಿ ಹೇಳಿರುವ ಚಿಕಿತ್ಸೆ ಮೂರು: ನಿದ್ರೆ, ಪ್ರಿಯವಾದ ಮಾತುಕತೆ, ಮತ್ತೊಂದು ಮದ್ಯ. ಮೂರನೆಯದನ್ನು ಈ ಪತ್ರಿಕೆಯಲ್ಲಿ ವಿಸ್ತರಿಸುವ ಗೋಜಿಗೆ ನಾನು ಹೋಗುವುದಿಲ್ಲ. ಪಂದ್ಯ ಸೋತ ರಾತ್ರಿ ತರುಣರು ಹೇಳದೆಯೇ ಅದನ್ನು ಅರಸುತ್ತಾರೆ, ಅದರಿಂದ ಪಿತ್ತ ಕೆರಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನ ಪತ್ನಿ ಬೇವು-ಬೆಲ್ಲದ ಬಟ್ಟಲು ಹಿಡಿದು, ಸೋಲು ಗೆಲುವು ಸಮನಾಗಿ ಕಾಣಬೇಕೆಂದು ಉಪದೇಶ ಆರಂಭಿಸಿದಳು. ನಾನು ಕಣ್ಸನ್ನೆಯಿಂದ ತಡೆದೆ. ಅವಸರದ ಸಮಾಧಾನ ಗಾಯದ ಮೇಲೆ ಒರಟು ಬಟ್ಟೆ ಉಜ್ಜಿದಂತೆ. ಅವನನ್ನು ಮಹಡಿಗೆ ಕರೆದುಕೊಂಡು ಹೋಗಿ, “ನಾನು ಪಂದ್ಯ ನೋಡಲಿಲ್ಲ, ಏನಾಯಿತು ಹೇಳು” ಎಂದೆ. 9ನೆಯ ನಿಮಿಷದಲ್ಲಿ ಸುನಿಲ್ ಛೆಟ್ರಿ ಹೊಡೆದ ಗೋಲಿನಿಂದ ಆರಂಭಿಸಿದ. ಆಗ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತಂತೆ. ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದ ಮೊದಲ ಗೋಲನ್ನು ಹೇಳಿದ. ವಿರಾಮಕ್ಕೆ ಮುನ್ನ ಅವನೇ ಹಾಗೆಯೇ ಹೊಡೆದ ಎರಡನೆಯದಕ್ಕೆ ಬರುವಾಗ, “ಮತ್ತೆ ಅದೇ ಥರಾ ಮಾವ, ಅದೇ ಥರಾ” ಎಂದವನು ಬಿಕ್ಕಿ ಬಿಕ್ಕಿ ಅತ್ತ. ನಾನು ಏನೂ ಹೇಳಲಿಲ್ಲ. ಮೂರನೆಯ ಗೋಲಿನ ಕಥೆ ನನಗೆ ಇಂದಿಗೂ ಪೂರ್ತಿಯಾಗಿ ಗೊತ್ತಿಲ್ಲ.

ಹಬ್ಬದ ಎಣ್ಣೆಸ್ನಾನದ ಪ್ರಶ್ನೆ ಬಂತು. ರಾತ್ರಿ ಕ್ರೀಡಾಂಗಣದ ಹೊರಗೆ ಕರಿದ ತಿಂಡಿ ತಿಂದು ಹುಳಿತೇಗು ಬರುತ್ತಿದ್ದುದರಿಂದ ಮೈಗೆಲ್ಲ ಅಭ್ಯಂಗ ಬೇಡವೆಂದೆ. ಅಜೀರ್ಣದಲ್ಲಿ ಅದು ನಿಷಿದ್ಧ. ಅಂಗಾಲಿಗೆ ಮಾತ್ರ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಸಿದೆ. ಕಟ್ಟಿದ ಗಂಟಲಿಗೆ ಜ್ಯೇಷ್ಠಮಧುವಿನ ಒಂದು ತುಂಡು ಅಗಿಯಲು ಕೊಟ್ಟೆ. ರಕ್ತದೊತ್ತಡ ಇರುವವರು ಇದನ್ನು ಬಳಸಬಾರದು, ಭಾವನವರು ಕೇಳಿದರೂ ಕೊಡಲಿಲ್ಲ. ಹಗಲುನಿದ್ರೆ ಸಾಮಾನ್ಯವಾಗಿ ವರ್ಜ್ಯವಾದರೂ ಕೋಪ, ಶೋಕ, ಜಾಗರಣೆಗಳಿಂದ ಬಳಲಿದವರಿಗೆ ಚರಕರು ಅನುಮತಿಸಿದ್ದಾರೆ. ಎಷ್ಟು ಹೊತ್ತು? ಎಚ್ಚರವಿದ್ದ ಕಾಲದ ಅರ್ಧದಷ್ಟು, ಬೆಳಗ್ಗೆ, ಊಟಕ್ಕೆ ಮೊದಲು ಎನ್ನುತ್ತದೆ ಅಷ್ಟಾಂಗ ಹೃದಯ. ಅದರಂತೆ ಮೂರು ಗಂಟೆ ಮಲಗಿದ.

ಎದ್ದಾಗ ಅಕ್ಕ ಹೋಳಿಗೆ ಬಡಿಸಲು ಬಂದಳು. ಚಿಂತೆ, ಶೋಕ, ಕ್ರೋಧಗಳಿದ್ದಾಗ ಹಿತವಾದ ಆಹಾರವನ್ನು ಮಿತವಾಗಿ ಉಂಡರೂ ಜೀರ್ಣವಾಗದೆಂಬುದು ಶಾಸ್ತ್ರದ ಮಾತು. ಹಬ್ಬದೂಟ ಬೇಡವೆಂದವನನ್ನು ತಾಯಂದಿರು ಒತ್ತಾಯಿಸಬಾರದು. ಹೆಸರುಬೇಳೆ ಹಾಕಿದ ತೆಳು ಗಂಜಿ, ಮೇಲೊಂದು ಚಮಚ ತುಪ್ಪ, ಜೀರಿಗೆ-ಕೊತ್ತಂಬರಿ ಬೀಜದ ಕಷಾಯ, ಇಷ್ಟೇ ಕೊಡಿಸಿದೆ. ಸಂಜೆ ತಾನಾಗಿಯೇ ಹಸಿವಾಗಿ ಎರಡು ಹೋಳಿಗೆ ತಿಂದ. ತಂದೆಯ ಪಕ್ಕದಲ್ಲಿ ಕುಳಿತೇ ತಿಂದ.

ಮರುವರ್ಷ, ಅದೇ ಮಾರ್ಚ್ 17ರಂದು, ಮುಂಬಯಿಯಲ್ಲಿ ಮತ್ತೆ ಅಂತಿಮ ಪಂದ್ಯ ನಡೆಯಿತು. 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಬೆಂಗಳೂರು ಗೋವಾವನ್ನು 1–0ರಿಂದ ಸೋಲಿಸಿತು. ರಾತ್ರಿ ಅಳಿಯನ ಕರೆ ಬಂತು. “ಮಾವ” ಎಂದ, ಮುಂದೆ ಧ್ವನಿ ಹೊರಡಲಿಲ್ಲ. ಜ್ಯೇಷ್ಠಮಧು ಇದೆಯೇನೋ ಎಂದು ಕೇಳಿದೆ. ಹೋದ ವರ್ಷದ ತುಂಡು ಚೀಲದಲ್ಲಿಯೇ ಇದೆಯೆಂದ. ಭಾವನವರು ಈ ಸಲ ಮಾತ್ರೆ ನುಂಗಿದ ಮೇಲೆಯೇ ಟಿ.ವಿ. ಹಚ್ಚಿದರೆಂದು ಮಾರನೆಯ ದಿನ ಅಕ್ಕ ಹೇಳಿದಳು.