ಅಂಗಳದ ಕಲ್ಲುಹಾಸು: ಸಂದಿಗೆ ಏನು ತುಂಬಬೇಕು?

ಮರಳಿನ ಹಾಸಿನ ಮೇಲೆ ಕೂರಿಸಿದ ಇಂಟರ್‌ಲಾಕ್ ಪೇವರ್‌ಗಳು ಭಾರ ಬಿದ್ದಾಗ ಒಂದಕ್ಕೊಂದು ಆಸರೆಯಾಗುವುದು ನಡುವಣ ಸಂದಿನಲ್ಲಿ ಬಿಗಿಯಾಗಿ ಕೂತ ಮರಳಿನಿಂದಾದ್ದರಿಂದ, ಆ ಮರಳಿನ ಆಯ್ಕೆಯೂ ಕಲ್ಲಿನ ಆಯ್ಕೆಯಷ್ಟೇ ಮುಖ್ಯವಾದುದು. ಸಂದು ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಇರುವುದರಿಂದ, 2.36 ಮಿಲಿಮೀಟರ್ ಜರಡಿಯಲ್ಲಿ ಇಳಿಯುವ, ಚೆನ್ನಾಗಿ ಒಣಗಿದ ಮರಳನ್ನು ಪೊರಕೆಯಿಂದ ಗುಡಿಸಿ ತುಂಬಬೇಕು. ಪ್ಲೇಟ್ ಕಾಂಪ್ಯಾಕ್ಟರ್ ಎಂಬ ಅದುರುವ ಯಂತ್ರವನ್ನು ಓಡಿಸಿದಾಗ ಮರಳು ಕೆಳಗಿಳಿದು ಸಂದಿನ ಬಾಯಿ ಮತ್ತೆ ತೆರೆದುಕೊಳ್ಳುವುದರಿಂದ, ಇಳಿಯುವುದು ನಿಲ್ಲುವವರೆಗೂ ಮತ್ತೆ ಮತ್ತೆ ತುಂಬುತ್ತಿರಬೇಕು.

ಇಲ್ಲಿ ಸಿಮೆಂಟ್ ಗಾರೆ ಸಲ್ಲದು. ಹಾಸು ತುಸು ಕದಲಿದರೂ ಗಡುಸಾದ ಗಾರೆ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಮಳೆನೀರಿನ ಹಿಂದೆಯೇ ಹುಲ್ಲಿನ ಬೇರೂ ಇಳಿಯುತ್ತದೆ. ಕಾಂಕ್ರೀಟಿನ ಮೇಲೆ ಗಾರೆಯಿಂದಲೇ ಕೂರಿಸಿದ ಶಹಾಬಾದ್ ಕಲ್ಲಿಗಾದರೋ, ಕೆಳಗಿನ ನೆಲೆ ಅಲುಗದ ಕಾರಣ, ಗಾರೆಯೇ ತಕ್ಕದ್ದು.

ಪಾಲಿಮರಿಕ್ ಸ್ಯಾಂಡ್, ಅಂದರೆ ನೀರು ತಾಗಿದ ಮೇಲೆ ಅಂಟಾಗಿ ಗಟ್ಟಿಯಾಗುವ ಪುಡಿ ಬೆರೆತ ಮರಳು, ಇಳಿಜಾರಿನ ಹಾದಿಯಲ್ಲಿಯೂ ಸುಲಭವಾಗಿ ಕೊಚ್ಚಿಹೋಗುವುದಿಲ್ಲ. ಆದರೆ ನೀರು ಚಿಮುಕಿಸುವ ಮೊದಲು ಕಲ್ಲಿನ ಮೇಲಿನ ದೂಳನ್ನು ಪೂರ್ತಿ ತೆಗೆಯದಿದ್ದರೆ ಬಿಳಿಚಿದ ಪೊರೆಯೊಂದು ಅಂಟಿಕೊಳ್ಳುತ್ತದೆ, ಗಟ್ಟಿಯಾಗುವ ಮುನ್ನವೇ ಜೋರು ಮಳೆ ಬಂದರೆ ಅಂಟೇ ತೊಳೆದುಹೋಗುತ್ತದೆ. ಆದುದರಿಂದ ಕರಾವಳಿ, ಮಲೆನಾಡುಗಳಲ್ಲಿ ಈ ಕೆಲಸವನ್ನು ಮುಂಗಾರಿಗೆ ಬಹಳ ಮೊದಲೇ ಮುಗಿಸಬೇಕು. ಅಂಚು ಸಮವಿಲ್ಲದ ಕಾಡುಗಲ್ಲಿನ ಚಪ್ಪಡಿಗಳ ನಡುವಿನ ಅಗಲವಾದ ಸಂದಿಗೆ ನೀರು ಇಂಗಿಸುವ ಸಣ್ಣ ಜಲ್ಲಿಯೇ ಸಾಕು.