ಒದ್ದೆ ಗೋಡೆಯ ದಿನಚರಿ

2021ರ ಫೆಬ್ರುವರಿ 16ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಟೆಕ್ಸಸ್ ಸೆಕೆಯ ಸೀಮೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಅಟ್ಟದಲ್ಲೇ ಹಾದುಹೋಗುತ್ತದೆ, ಚಳಿ ತಡೆಯುವ ಹೊದಿಕೆಯೂ ಅಷ್ಟಕ್ಕಷ್ಟೆ. ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯಿತು, ಹೀಟರು ನಿಂತಿತು, ಪೈಪಿನೊಳಗೆ ನೀರು ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ ನೀರು ಹಿಗ್ಗುತ್ತದೆ, ಪೈಪು ಸೀಳಿತು. ಮಂಜು ಕರಗುತ್ತಿದ್ದಂತೆ ಅಟ್ಟದಿಂದ ನೀರು ಸುರಿದು ಎಷ್ಟೋ ಮನೆಗಳ ಚಾವಣಿ ಕುಸಿದು ಹಾಸಿಗೆಯ ಮೇಲೆ ಬಿತ್ತು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಎಂದರೆ ನಮ್ಮವರೂ ಸಾಕಷ್ಟು ನೆಲೆಸಿರುವ ಊರುಗಳು.

ಇಂಥ ಮನೆಗೆ ಪ್ಲಂಬರ್ ಬಂದು ಹೋದ ಮೇಲೆ ಬರುವವನು ರೆಸ್ಟೊರೇಶನ್ ಕಾಂಟ್ರಾಕ್ಟರ್. ಅವನ ಮೊದಲ ಕೆಲಸ ಮನೆಯನ್ನು ಒಣಗಿಸುವುದು. ‘ಒಣಗಿಸುವುದಕ್ಕೂ ಒಬ್ಬ ಕಾಂಟ್ರಾಕ್ಟರೇ?’ ಎಂದು ನಮಗೆ ಅನ್ನಿಸಬಹುದು. ನಮ್ಮ ಇಟ್ಟಿಗೆ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಬೇಸಗೆಯಲ್ಲಿ ತಾನಾಗಿ ಒಣಗುತ್ತದೆ. ಅಲ್ಲಿನ ಗೋಡೆಯ ಕಥೆ ಬೇರೆ. ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಬೋರ್ಡು, ಹೊರಗೋಡೆಯಾದರೆ ನಡುವೆ ಗಾಜಿನ ಉಣ್ಣೆ. ಬತ್ತಿ ಎಣ್ಣೆ ಹೀರಿದಂತೆ ಬೋರ್ಡು ನೆಲದ ನೀರನ್ನು ಮೇಲಕ್ಕೆಳೆಯುತ್ತದೆ. ಹೊರಗೆ ಕೈಯಿಟ್ಟರೆ ಒಣಗಿದಂತಿರುತ್ತದೆ, ಒಳಗೆ ಪಸೆ. 24ರಿಂದ 48 ಗಂಟೆಯೊಳಗೆ ಬೂಷ್ಟು ಹುಟ್ಟಬಹುದು. ಅದಕ್ಕೇ ನೆಲಮಟ್ಟದಲ್ಲಿ ಗಾಳಿ ಬೀಸುವ ಏರ್ ಮೂವರ್‌ಗಳು, ಆ ಗಾಳಿಯ ತೇವ ಹಿಂಡುವ ಡಿಹ್ಯೂಮಿಡಿಫೈಯರ್‌ಗಳು ಹಗಲೂ ರಾತ್ರಿ ಕೆಲವು ದಿನ ಓಡುತ್ತವೆ.

ಈ ಖರ್ಚನ್ನು ಸಾಮಾನ್ಯವಾಗಿ ವಿಮಾ ಕಂಪನಿ ಕೊಡುತ್ತದೆ. ಕ್ಲೇಮು ಪರಿಶೀಲಿಸುವ ಅಡ್ಜಸ್ಟರ್ ಎಷ್ಟೋ ಸಲ ಒದ್ದೆ ಗೋಡೆಯನ್ನು ಕಣ್ಣಿಂದ ಕಂಡಿರುವುದೇ ಇಲ್ಲ. ಯಂತ್ರದ ಬಾಡಿಗೆ 24 ಗಂಟೆಗಳ ಲೆಕ್ಕದಲ್ಲಿ ಬೀಳುತ್ತದೆ. ‘ಮೂರು ದಿನಕ್ಕೆ ಮುಗಿಯಬೇಕಾದದ್ದು ಐದು ದಿನ ಯಾಕಾಯಿತು?’ ಎಂದು ಆತ ಕೇಳುವುದು ಕೆಲಸ ಮುಗಿದು ತಿಂಗಳಾದ ಮೇಲೆ. ಆಗ ಗೋಡೆಗೆ ಹೊಸ ಬಣ್ಣ ಬಂದಿರುತ್ತದೆ. ಉತ್ತರ ಇದ್ದರೆ ಕಾಗದದಲ್ಲಿ ಇರಬೇಕು.

ಕಾಗದದಲ್ಲಿ ಏನೇನಿರಬೇಕು ಎಂಬುದಕ್ಕೆ ಈ ಕಸುಬಿನವರು ಐಐಸಿಆರ್‌ಸಿ ಸಂಸ್ಥೆಯ ‘ಎಸ್500’ ಮಾನದಂಡವನ್ನು ನೋಡುತ್ತಾರೆ. ಅದರಲ್ಲಿ ನೀರಿಗೇ ಮೂರು ವರ್ಗಗಳಿವೆ: ಕುಡಿಯುವ ಪೈಪಿನ ಶುದ್ಧ ನೀರು ಒಂದು, ವಾಷಿಂಗ್ ಮಷೀನಿನಂಥದರ ಕೊಳೆ ನೀರು ಎರಡು, ಚರಂಡಿಯ ಅಥವಾ ಪ್ರವಾಹದ ನೀರು ಮೂರು. ಮೊದಲ ವರ್ಗದ ನೀರೂ ನಿಂತಲ್ಲೇ ನಿಂತರೆ ಕೆಳಗಿನ ವರ್ಗಕ್ಕೆ ಇಳಿಯುತ್ತದೆ. ಆಮೇಲೆ ದಿನದಿನದ ಅಳತೆ. ಮರಕ್ಕೆ ಎರಡು ಸೂಜಿ ಚುಚ್ಚುವ ಮೀಟರಿನಿಂದ ತೇವ ಶೇಕಡಾ ಎಷ್ಟೆಂದು ನೋಡುತ್ತಾರೆ. ಅದೇ ಮನೆಯ ನೀರು ತಾಗದ ಕೋಣೆಯ ಮರದಲ್ಲಿ 11 ಇದ್ದರೆ ಅದೇ ‘ಒಣ ಗುರಿ’. ಗಾಳಿಗೂ ಲೆಕ್ಕವಿದೆ. 78 ಡಿಗ್ರಿ ಫ್ಯಾರನ್‌ಹೀಟ್, ಆರ್ದ್ರತೆ ಶೇ 42 ಎಂದರೆ ಒಂದು ಪೌಂಡ್ ಗಾಳಿಯಲ್ಲಿ ಸುಮಾರು 60 ಗ್ರೇನ್ ನೀರಿದೆ ಎಂದರ್ಥ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಡಿಹ್ಯೂಮಿಡಿಫೈಯರಿನಿಂದ ಹೊರಬರುವ ಗಾಳಿಯಲ್ಲಿ ಈ ಅಂಕಿ 43ಕ್ಕೆ ಇಳಿದಿದ್ದರೆ ಯಂತ್ರ ನಿಜಕ್ಕೂ ನೀರು ಹಿಂಡುತ್ತಿದೆ. ಇಳಿಯದಿದ್ದರೆ ಅದು ಬರೀ ಸದ್ದು ಮಾಡುತ್ತಿದೆ, ಬಾಡಿಗೆ ಮಾತ್ರ ಏರುತ್ತಿದೆ.

ಇಷ್ಟನ್ನೂ ಬರೆಯಬೇಕಾದವನು ದಿನಕ್ಕೆ ನಾಲ್ಕಾರು ಮನೆ ಸುತ್ತುವ, ಗ್ಲೌಸ್ ತೊಟ್ಟ, ಮಾಸ್ಕ್ ಹಾಕಿದ ಕೆಲಸಗಾರ. ಅವನು ಬರೆಯುವುದು ರಾತ್ರಿ ಟ್ರಕ್ಕಿನಲ್ಲಿ ಕೂತು, ನೆನಪಿನಿಂದ. ಕೃತಕ ಬುದ್ಧಿಮತ್ತೆ, ಅಂದರೆ ಎಐ, ನೆರವಿಗೆ ಬರುವುದು ಇಲ್ಲಿ. ಅವನು ಕೋಣೆಯಲ್ಲಿ ನಿಂತೇ ಫೋನಿಗೆ ಮಾತಾಡುತ್ತಾನೆ. ಒಂದು ತಂತ್ರಾಂಶ ಮಾತನ್ನು ಅಕ್ಷರಕ್ಕಿಳಿಸುತ್ತದೆ, ಇನ್ನೊಂದು ಆ ಅಕ್ಷರವನ್ನು ಕೋಣೆ, ಜಾಗ, ಅಳತೆ, ಯಂತ್ರ, ಸಮಯ ಎಂಬ ಅಂಕಣಗಳಿಗೆ ಹಂಚುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮೂರನೆಯ ದಿನ ಕೆಲಸಗಾರ ಹೀಗೆ ಹೇಳುತ್ತಾನೆ: “ದೊಡ್ಡ ಬೆಡ್‌ರೂಮು, ಉತ್ತರದ ಗೋಡೆ, ಕೆಳಗಿನ ಮರದ ಪಟ್ಟಿ ಹದಿನೇಳು. ನಿನ್ನೆ ಇಪ್ಪತ್ತೆರಡಿತ್ತು. ಒಂದು ಏರ್ ಮೂವರ್ ತೆಗೆದೆ. ಬಚ್ಚಲ ಕಡೆ ಇನ್ನೂ ಸ್ವಲ್ಪ ಒದ್ದೆ.” ಸಾಧಾರಣ ಎಐ ಇದನ್ನು ಅಂದವಾದ ಇಂಗ್ಲಿಷ್ ಪ್ಯಾರಾ ಮಾಡಿಕೊಡುತ್ತದೆ. ಓದಿದರೆ ಏನೂ ಕೊರತೆ ಕಾಣುವುದಿಲ್ಲ, ತೊಂದರೆಯೇ ಅದು. ಸರಿಯಾಗಿ ಪಳಗಿಸಿದ ಎಐ ಮಾಡಬೇಕಾದದ್ದು ಪ್ರಶ್ನೆ: ಬಚ್ಚಲ ಕಡೆಯ ಅಂಕಿ ಎಷ್ಟು? ಇವತ್ತು ಗಾಳಿಯ ಅಳತೆ ಹೇಳಿಲ್ಲವಲ್ಲ? ತೆಗೆದ ಯಂತ್ರ ಯಾವುದು, ಎಷ್ಟು ಗಂಟೆಗೆ? ಕೆಲಸಗಾರ ಇನ್ನೂ ಕೋಣೆಯಲ್ಲಿದ್ದಾನೆ, ಮೀಟರ್ ಕೈಯಲ್ಲಿದೆ, ಒಂದು ನಿಮಿಷದ ಕೆಲಸ. ನನ್ನ ಮಟ್ಟಿಗೆ ಈ ಇಡೀ ತಂತ್ರಜ್ಞಾನದ ಬೆಲೆ ಆ ಒಂದು ನಿಮಿಷದಲ್ಲಿದೆ. ಚಂದದ ವರದಿ ಮೊದಲೂ ಬರೆಯಬಹುದಿತ್ತು. ಖಾಲಿ ಅಂಕಣವನ್ನು ಹೊತ್ತು ಮೀರುವ ಮೊದಲೇ ತೋರಿಸಿಕೊಡುವ ಗುಮಾಸ್ತ ಇರಲಿಲ್ಲ.

ಅದೇ ಖಾಲಿ ಅಂಕಣವನ್ನು ಎಐ ತಾನೇ ತುಂಬಿದರೆ? ಮೂರನೆಯ ದಿನ ಅಳೆಯುವುದೇ ಮರೆತಿತ್ತು ಎಂದುಕೊಳ್ಳಿ: ಮೊದಲ ದಿನ 28, ಎರಡನೆಯ ದಿನ 22, ನಾಲ್ಕನೆಯ ದಿನ 13. ನಡುವಿನ ಮೂರನೆಯ ದಿನಕ್ಕೆ 17 ಎಂದು ಊಹಿಸುವುದು ಅದಕ್ಕೆ ನೀರು ಕುಡಿದಷ್ಟು ಸುಲಭ. ಊಹೆ ಸರಿಯಾಗಿಯೇ ಇರಬಹುದು. ಆದರೆ ಯಾರೂ ಅಳೆಯದ ಅಂಕಿಯನ್ನು ಅಳೆದದ್ದೆಂದು ವಿಮಾ ಕಂಪನಿಗೆ ಕೊಡುವುದಕ್ಕೆ ನಮ್ಮ ಭಾಷೆಯಲ್ಲಿ ಸುಳ್ಳು ಲೆಕ್ಕ ಎನ್ನುತ್ತಾರೆ. ಅದು ಸಿಕ್ಕಿಬಿದ್ದರೆ ಉಳಿದ ನಿಜವಾದ ಅಳತೆಗಳನ್ನೂ ಯಾರೂ ನಂಬುವುದಿಲ್ಲ. ‘ಅಳೆದಿಲ್ಲ’ ಎಂಬ ಒಂದು ಸಾಲು ಅದಕ್ಕಿಂತ ಎಷ್ಟೋ ವಾಸಿ.

ಕಿವಿಯ ತೊಂದರೆಯೂ ಇದೆ. ಏರ್ ಮೂವರ್‌ಗಳ ಅಬ್ಬರದಲ್ಲಿ ಇಂಗ್ಲಿಷಿನ ‘ಸೆವೆಂಟೀನ್’ ‘ಸೆವೆಂಟಿ’ ಆಗಿ ಕೇಳಿಸಲು ಕಷ್ಟವೇನಿಲ್ಲ. 28, 22, 70 ಎಂಬ ಸಾಲು ಕಂಡರೆ ‘ಇದು ಸರಿಯೇ?’ ಎಂದು ಕೇಳುವಂತೆ ಎಐಗೆ ಹೇಳಿಟ್ಟಿರಬೇಕು. ತಾನೇ ತಿದ್ದುವಂತೆ ಅಲ್ಲ. ಇನ್ನೂ ವಿಚಿತ್ರ ಸಂಗತಿಯೊಂದಿದೆ. ಮಾತನ್ನು ಬರಹಕ್ಕಿಳಿಸುವ ‘ವಿಸ್ಪರ್’ ಎಂಬ ತಂತ್ರಾಂಶವನ್ನು ಕಾರ್ನೆಲ್ ವಿಶ್ವವಿದ್ಯಾಲಯದವರಿದ್ದ ತಂಡವೊಂದು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ನೂರು ತುಣುಕುಗಳಲ್ಲಿ ಸುಮಾರು ಒಂದರಲ್ಲಿ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು. ಮಾತಿನ ನಡುವೆ ಬಿಡುವು ಹೆಚ್ಚಿದ್ದಲ್ಲಿ ಈ ಕಾಟ ಜಾಸ್ತಿ. ಮೀಟರ್ ಚುಚ್ಚಿ ಅಂಕಿ ನಿಲ್ಲುವವರೆಗೆ ಕಾಯುವವನ ಮಾತಿನಲ್ಲಿ ಬಿಡುವೇ ಹೆಚ್ಚು! ಹಾಗಾಗಿ ಮೂಲ ಧ್ವನಿಯನ್ನೂ ಮೀಟರಿನ ಪರದೆಯ ಫೋಟೊವನ್ನೂ ಅಳಿಸದೆ ಇಡಬೇಕು. ಗ್ರೇನ್ ಲೆಕ್ಕವನ್ನಂತೂ ಎಐಗೆ ಬಿಡಲೇಬಾರದು. ಅದಕ್ಕೆ ಸೂತ್ರವಿದೆ, ಸಾದಾ ಕ್ಯಾಲ್ಕುಲೇಟರ್ ಸಾಕು.

ಅಂಕಿಗಿಂತ ಪದ ದುಬಾರಿಯಾಗುವುದೂ ಉಂಟು. ಅಲ್ಲಿನ ಸಾಮಾನ್ಯ ಗೃಹವಿಮೆ ಪೈಪು ಏಕಾಏಕಿ ಒಡೆದರೆ ಪರಿಹಾರ ಕೊಡುತ್ತದೆ. ತಿಂಗಳುಗಟ್ಟಲೆ ಜಿನುಗಿದ್ದರೆ ಬಹುಮಟ್ಟಿಗೆ ಕೊಡುವುದಿಲ್ಲ. ಕೆಲಸಗಾರ ‘ಪೈಪು ಒಡೆದಿದೆ’ ಎಂದದ್ದನ್ನು ಎಐ ತನ್ನ ಶೈಲಿಯ ಹುಕಿಯಲ್ಲಿ ‘ಸೋರಿಕೆ’ ಎಂದು ಮಾಡಿದರೆ ಮನೆಯವರಿಗೆ ಸಾವಿರಾರು ಡಾಲರ್ ಹೊಡೆತ. ತಿಳಿ ನೀರಿನ ಫೋಟೊ ನೋಡಿ ‘ವರ್ಗ ಒಂದು’ ಎಂದು ಬರೆಯುವುದೂ ಅಷ್ಟೇ ಅಪಾಯ. ನೀರು ಎಲ್ಲಿಂದ ಬಂತು, ಎಷ್ಟು ಹೊತ್ತು ನಿಂತಿತ್ತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಇಂಥ ಐದಾರು ಪದಗಳನ್ನು ಕೆಲಸಗಾರನೇ ಆರಿಸಬೇಕು, ಎಐ ಮುಟ್ಟಕೂಡದು.

ಫೋಟೊಗಳನ್ನು ಕೋಣೆವಾರು ವಿಂಗಡಿಸುವುದರಲ್ಲಿ ಎಐ ಜಾಣ. ಆದರೆ ಬೋರ್ಡು ಕಿತ್ತು ಬರೀ ಚೌಕಟ್ಟು ಉಳಿದಾಗ ಎಲ್ಲ ಬೆಡ್‌ರೂಮೂ ಒಂದೇ ಥರ. ಬಾಗಿಲ ಮೇಲೆ ಟೇಪ್ ಅಂಟಿಸಿ ಕೋಣೆಯ ಹೆಸರು ಬರೆದು ಮೊದಲ ಫೋಟೊ ತೆಗೆದರೆ ಗೊಂದಲವಿಲ್ಲ. ಕತ್ತಲಿನ ಫೋಟೊವನ್ನು ಎಐಯಿಂದ ಬೆಳಗಿಸುವ ಆಸೆ ಬೇಡ, ತಿದ್ದಿದ ಚಿತ್ರವೆಂಬ ಅನುಮಾನಕ್ಕೆ ಅದೇ ದಾರಿ.

ಅಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ಮಾತು. ಪೈಪು ಒಡೆದರೆ ಮೊದಲು ಮುಖ್ಯ ವಾಲ್ವ್ ಮುಚ್ಚಿ. ಕಾರ್ಪೆಟ್ ಎತ್ತುವ ಮೊದಲು ಪ್ರತಿ ಕೋಣೆಯ ಫೋಟೊ ತೆಗೆಯಿರಿ, ಸೀಳಿದ ಪೈಪಿನ ತುಂಡನ್ನು ಎಸೆಯದೆ ಚೀಲದಲ್ಲಿ ಹಾಕಿಡಿ. ಕೆಲಸ ಮುಗಿಯಿತೆಂದು ಕಾಂಟ್ರಾಕ್ಟರ್ ಸಹಿ ಕೇಳಿದಾಗ ದಿನದಿನದ ತೇವದ ಪಟ್ಟಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಯಾವ ದಿನ ಖಾಲಿ ಇದೆ ಎಂದು ನೋಡಿ, ಆಮೇಲೆ ಸಹಿ ಹಾಕಿ.